ರಾತ್ರಿ ಎರಡು ಗಂಟೆಯ ನೋವಿಗೆ ಹತ್ತು ಗಂಟೆಗೇ ಮಾತ್ರೆ

ಪ್ರಶ್ನೆ: ಡಾಕ್ಟ್ರೇ, ನಮ್ಮದು ಸಿರ್ಸಿಯಿಂದ ಒಳಗೆ ಇರುವ ಹಳ್ಳಿ. ಅಪ್ಪನಿಗೆ 67 ವರ್ಷ. ಕವಳ (ಎಲೆಯಡಿಕೆ) ಹಾಕುವ ಅಭ್ಯಾಸ ಮೊದಲಿನಿಂದ ಇತ್ತು. ಎರಡು ವರ್ಷದ ಹಿಂದೆ ಎಡಗೆನ್ನೆಯ ಒಳಗೆ ಕ್ಯಾನ್ಸರ್ ಆಗಿ ಆಪರೇಷನ್, ರೇಡಿಯೇಷನ್ ಎಲ್ಲ ಆಯಿತು. ಈಗ ಮತ್ತೆ ಬಂದಿದೆ, ಕೆನ್ನೆಯ ಹೊರಗೂ ಹುಣ್ಣಾಗಿದೆ. ದೊಡ್ಡಾಸ್ಪತ್ರೆಯಲ್ಲಿ "ಇನ್ನು ಮಾಡೋಕೆ ಏನಿಲ್ಲ, ಮನೇಲೇ ನೋಡ್ಕೊಳ್ಳಿ" ಎಂದು ಮಾರ್ಫಿನ್ ಮಾತ್ರೆ ಬರೆದು ಕಳಿಸಿದರು. ಅಣ್ಣ ಬೆಂಗಳೂರಿನಲ್ಲಿದ್ದಾನೆ. ಮಾರ್ಫಿನ್ ಕೊಟ್ಟರೆ ಚಟ ಹತ್ತುತ್ತದೆ, ಬೇಗ ಹೋಗಿಬಿಡುತ್ತಾರೆ ಅನ್ನುತ್ತಾನೆ. ಹಾಗಾಗಿ ತಡೆಯೋಕೆ ಆಗದೇ ಇದ್ದಾಗ ಮಾತ್ರ ಕೊಡುತ್ತಿದ್ದೇವೆ. ದಿನಾ ರಾತ್ರಿ ಎರಡು ಗಂಟೆಗೆ ಅಪ್ಪ ಎದ್ದು ಕೂತು ನರಳುತ್ತಾನೆ. ವಾಸನೆಗೆ ನೋಡಲು ಬಂದವರು ಜಗಲಿಯಿಂದಲೇ ವಾಪಸ್ ಹೋಗುತ್ತಾರೆ. ಊಟ ಸೇರುವುದಿಲ್ಲ ಅಂತ ಆಯಿ (ಅಮ್ಮ) ಅಳುತ್ತಾಳೆ. ಕ್ಯಾನ್ಸರ್ ಮತ್ತೆ ಬಂದಿದೆ ಅಂತ ಅಪ್ಪನಿಗೆ ಹೇಳಿಲ್ಲ, ಗಾಯಕ್ಕೆ ಇನ್ಫೆಕ್ಷನ್ ಅಂತ ಹೇಳಿದ್ದೇವೆ. ಅಣ್ಣ ಬೆಂಗಳೂರಿಗೆ ಕರೆದುಕೊಂಡು ಹೋಗೋಣ ಅನ್ನುತ್ತಿದ್ದಾನೆ. ಏನು ಮಾಡುವುದು?

ಉತ್ತರ: "ಮಾಡೋಕೆ ಏನಿಲ್ಲ" ಅನ್ನುವ ಮಾತನ್ನು ಮೊದಲು ಪಕ್ಕಕ್ಕಿಡಿ. ಕ್ಯಾನ್ಸರ್ ಗುಣ ಆಗುವುದಿಲ್ಲ ಅನ್ನುವುದು ನಿಜ ಇರಬಹುದು. ಆದರೆ ನೋವು, ನಿದ್ದೆ, ವಾಸನೆ, ಊಟ ಅಂತ ನೀವು ಬರೆದ ಒಂದೊಂದು ತೊಂದರೆಗೂ ಮಾಡುವುದು ಬೇಕಾದಷ್ಟಿದೆ. ಅದರಲ್ಲಿ ಹೆಚ್ಚಿನದು ನಿಮ್ಮ ಮನೆಯಲ್ಲೇ, ನಿಮ್ಮ ಕೈಯಲ್ಲೇ ಆಗುತ್ತದೆ. ಒಂದೇ ವಿಷಯ, ಎಲ್ಲವನ್ನೂ ಸ್ವಲ್ಪ ಮುಂಚೆ ಮಾಡಬೇಕು.

ನೋವಿನಿಂದ ಶುರು ಮಾಡುತ್ತೇನೆ. ಅದು ಇಳಿಯದೆ ಬೇರೆ ಯಾವುದೂ ಸರಿ ಹೋಗುವುದಿಲ್ಲ.

ಸಾದಾ ಮಾರ್ಫಿನ್ ಮಾತ್ರೆ ನುಂಗಿದ ಮೇಲೆ ಕೆಲಸ ಶುರು ಮಾಡಲು ಸುಮಾರು ಅರ್ಧ ಗಂಟೆ ಬೇಕು. ಅದರ ಪರಿಣಾಮ ಇರುವುದು ಸುಮಾರು ನಾಲ್ಕು ಗಂಟೆ. ಈಗ ನಿಮ್ಮ ಮನೆಯಲ್ಲಿ ಏನಾಗುತ್ತಿದೆ ನೋಡಿ. ಅಪ್ಪ ನರಳಬೇಕು, ನಿಮಗೆ ಎಚ್ಚರ ಆಗಬೇಕು, ಅಣ್ಣನ ಮಾತು ನೆನಪಾಗಿ ಒಂದಷ್ಟು ಹೊತ್ತು ಕೊಡೋದೋ ಬೇಡವೋ ಅಂತ ಯೋಚಿಸಬೇಕು, ಆಮೇಲೆ ಮಾತ್ರೆ, ಆಮೇಲೆ ಮತ್ತೆ ಅರ್ಧ ಗಂಟೆ. ಅಷ್ಟರಲ್ಲಿ ನೋವು ತಲೆಗೇರಿರುತ್ತದೆ. ಏರಿದ ನೋವನ್ನು ಇಳಿಸಲು ಔಷಧಿ ಜಾಸ್ತಿ ಬೇಕಾಗುತ್ತದೆ. ಅಡಿಕೆ ತೋಟಕ್ಕೆ ಕೊಳೆರೋಗದ ಔಷಧಿ ಯಾವಾಗ ಹೊಡೆಸುತ್ತೀರಿ? ಮಳೆ ಹಿಡಿಯುವ ಮೊದಲು, ಅಲ್ವಾ? ಕಾಯಿ ಉದುರೋಕೆ ಶುರುವಾದ ಮೇಲೆ ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡನನ್ನು ಹುಡುಕಿಕೊಂಡು ಹೋದರೆ ಏನು ಸಿಕ್ಕೀತು? ದಿನವಿಡೀ ಇರುವ ನೋವಿಗೂ ಲೆಕ್ಕ ಅದೇ. ಕ್ಯಾನ್ಸರ್ ನೋವಿನ ಔಷಧಿಯನ್ನು ಆದಷ್ಟು ಬಾಯಿಯಿಂದಲೇ ಕೊಡಿ, ಗಡಿಯಾರ ನೋಡಿಕೊಂಡು ಕೊಡಿ, ನೋವಿಗೆ ತಕ್ಕಂತೆ ಔಷಧಿಯಲ್ಲಿ ಒಂದೊಂದೇ ಮೆಟ್ಟಿಲು ಹತ್ತಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು 1986ರಲ್ಲಿ. ಆಮೇಲೆ ಸಲಹೆಗಳು ಎಷ್ಟೋ ಬದಲಾಗಿವೆ. ಗಡಿಯಾರದ ಮಾತು ಬದಲಾಗಿಲ್ಲ.

ಸಾಮಾನ್ಯವಾಗಿ ಬರೆಯುವ ಹೊತ್ತುಗಳು ಹೀಗೆ: ಬೆಳಿಗ್ಗೆ 6, ಬೆಳಿಗ್ಗೆ 10, ಮಧ್ಯಾಹ್ನ 2, ಸಂಜೆ 6, ರಾತ್ರಿ 10. ರಾತ್ರಿ ಎರಡು ಗಂಟೆಗೆ ಮಾತ್ರೆಗಾಗಿ ಎಬ್ಬಿಸುವುದು ಬೇಡ ಅಂತ ಹತ್ತು ಗಂಟೆಗೆ ಎರಡು ಪಟ್ಟು ಡೋಸ್ ಕೊಡುವ ಪದ್ಧತಿ ಇದೆ. ನಿಮ್ಮ ತಂದೆ ಸರಿಯಾಗಿ ಎರಡು ಗಂಟೆಗೇ ಏಳುತ್ತಾರೆ ಅಂದರೆ ನನಗೆ ಮೊದಲು ಹೊಳೆದದ್ದು ಇದೇ. ಆದರೆ ಇದನ್ನು ಓದಿ ಇವತ್ತೇ ನೀವಾಗಿ ಡಬಲ್ ಮಾಡಬೇಡಿ. ಆಸ್ಪತ್ರೆಯ ಚೀಟಿ ತೆಗೆದು ನೋಡಿ, ಅದರಲ್ಲೇ ಬರೆದಿರುವ ಸಾಧ್ಯತೆ ಇದೆ. ಇಲ್ಲದಿದ್ದರೆ ಬರೆದ ಡಾಕ್ಟ್ರಿಗೆ ಫೋನ್ ಮಾಡಿ "ಹೊತ್ತು ಹೊತ್ತಿಗೆ ಎಷ್ಟು, ರಾತ್ರಿ ಎಷ್ಟು, ನಡುವೆ ನೋವು ಬಂದರೆ ಎಷ್ಟು?" ಅಂತ ಕೇಳಿ. ಈ ಮೂರನೆಯದು ಮುಖ್ಯ. ಹೊತ್ತಿನ ಮಾತ್ರೆ ಕೊಟ್ಟೂ ನಡುವೆ ನೋವು ಬಂದರೆ ಒಂದು ಹೆಚ್ಚುವರಿ ಡೋಸ್ ಕೊಡಬಹುದು. ಅದನ್ನು ಕೊಟ್ಟಿರಿ ಅಂತ ಮುಂದಿನ ಹೊತ್ತಿನ ಮಾತ್ರೆ ತಪ್ಪಿಸಬಾರದು.

ಒಂದು ನೋಟ್‌ಬುಕ್ ಇಡಿ. ಹೊತ್ತು, ಕೊಟ್ಟ ಮಾತ್ರೆ, ನೋವು ಹತ್ತರಲ್ಲಿ ಎಷ್ಟು ಅಂತ ಅಪ್ಪ ಹೇಳಿದ್ದು, ಮಲ ಹೋಯಿತೋ ಇಲ್ಲವೋ. ಇಷ್ಟು ಸಾಕು. ಬಾಯಿ ತೆರೆದು ಮಾತಾಡಲು ಕಷ್ಟ ಆದರೆ ಬೆರಳಿನಲ್ಲಿ ತೋರಿಸಲಿ. ದಿನಕ್ಕೆ ಎರಡು ಮೂರು ಸಲಕ್ಕಿಂತ ಜಾಸ್ತಿ ಹೆಚ್ಚುವರಿ ಡೋಸ್ ಬೇಕಾಗುತ್ತಿದೆ ಅಂತ ಪುಸ್ತಕದಲ್ಲಿ ಕಂಡರೆ ಹೊತ್ತಿನ ಡೋಸನ್ನೇ ಏರಿಸಬೇಕು ಅಂತ ಅರ್ಥ. ಫೋನಿನಲ್ಲಿ ಆ ಪುಟ ಓದಿ ಹೇಳಿದರೆ ಯಾವ ಡಾಕ್ಟ್ರಿಗಾದರೂ ತೀರ್ಮಾನ ಸುಲಭ. "ತುಂಬಾ ನೋವು ಡಾಕ್ಟ್ರೇ" ಅಂತ ಮಾತ್ರ ಹೇಳಿದರೆ ಏನು ಬದಲಾಯಿಸಬೇಕು ಅಂತ ಗೊತ್ತಾಗುವುದಿಲ್ಲ.

ಇನ್ನು ಅಣ್ಣನ ಎರಡು ಭಯ. ಚಟದ ಮಾತು ಮೊದಲು. ಕ್ಯಾನ್ಸರ್ ನೋವಿಗೆ ಅಳತೆಯಲ್ಲಿ ತೆಗೆದುಕೊಳ್ಳುವವರಿಗೆ ಮಾರ್ಫಿನ್ ಚಟ ಆಗುವುದು ಬಹಳ ಅಪರೂಪ. ದೇಹ ಔಷಧಿಗೆ ಒಗ್ಗಿಕೊಳ್ಳುತ್ತದೆ ಅನ್ನುವುದು ನಿಜ. ಹಾಗಾಗಿ ಒಂದೇ ಸಲ ನಿಲ್ಲಿಸಬಾರದು, ಇಳಿಸುತ್ತಾ ಬರಬೇಕು. ಅದು ಬೇರೆ, ಚಟ ಬೇರೆ. ಎರಡನೆಯದು, ಬೇಗ ಹೋಗಿಬಿಡುತ್ತಾರೆ ಅನ್ನುವುದು. ಸಣ್ಣ ಡೋಸಿನಿಂದ ಶುರು ಮಾಡಿ ನೋವು ನೋಡಿಕೊಂಡು ಏರಿಸಿದರೆ ಮಾರ್ಫಿನ್ ಆಯುಸ್ಸು ಕಡಿಮೆ ಮಾಡುವುದಿಲ್ಲ. ಹೊತ್ತಿಗೆ ಸರಿಯಾಗಿ ಶುರು ಮಾಡಿದ ಮೊದಲ ಎರಡು ಮೂರು ದಿನ ಜಾಸ್ತಿ ನಿದ್ದೆ ಮಾಡುತ್ತಾರೆ. ಆಗ ಮನೆಯವರು ಗಾಬರಿಯಾಗಿ ಮಾತ್ರೆ ನಿಲ್ಲಿಸುತ್ತಾರೆ. ಎಷ್ಟೋ ಸಲ ಅದು ವಾರಗಟ್ಟಲೆ ಬಾಕಿ ಇದ್ದ ನಿದ್ದೆ. ಕರೆದರೆ ಕಣ್ಣು ಬಿಟ್ಟು ಮಾತಾಡುತ್ತಾರಾ? ಹಾಗಿದ್ದರೆ ಸುಮ್ನೆ ಮಲಗಲು ಬಿಡಿ.

ಭಯ ಬೇಡ ಅಂದೆ, ಎಚ್ಚರ ಬೇಡ ಅನ್ನಲಿಲ್ಲ. ಅಲ್ಲಾಡಿಸಿದರೂ ಏಳದಷ್ಟು ಮಂಪರು, ನಿಮಿಷಕ್ಕೆ ಎಂಟಕ್ಕಿಂತ ಕಡಿಮೆ ಉಸಿರು, ಕೈಕಾಲು ಜಗ್ಗಿದ ಹಾಗೆ ಅದುರುವುದು, ಇಲ್ಲದ್ದೆಲ್ಲ ಕಾಣುತ್ತಿದೆ ಅನ್ನುವುದು ಕಂಡರೆ ಮುಂದಿನ ಡೋಸ್ ಕೊಡಬೇಡಿ, ತಕ್ಷಣ ಡಾಕ್ಟ್ರಿಗೆ ಫೋನ್ ಮಾಡಿ. ಮೂತ್ರ ಕಡಿಮೆ ಆದಾಗ ಇದು ಜಾಸ್ತಿ, ಯಾಕೆಂದರೆ ಮಾರ್ಫಿನ್ ಹೊರಗೆ ಹೋಗುವುದು ಕಿಡ್ನಿಯಿಂದ.

ಮಾರ್ಫಿನ್ ಶುರುವಾದ ದಿನವೇ ಮಲಬದ್ಧತೆಯ ಮಾತ್ರೆಯೂ ಶುರುವಾಗಬೇಕು, ಬಿಸಕೋಡಿಲ್ ಅಥವಾ ಸೆನ್ನಾ. ಮಂಪರು, ವಾಕರಿಕೆ ಕೆಲವು ದಿನದಲ್ಲಿ ಇಳಿಯುತ್ತವೆ. ಮಲಬದ್ಧತೆ ತಾನಾಗಿ ಇಳಿಯುವುದಿಲ್ಲ. ಮೂರು ದಿನ ಕಾದು ನೋಡೋಣ ಅಂದರೆ ನಾಲ್ಕನೇ ದಿನ ಎನಿಮಾ ಕೊಡಲು ಯಾರು ಸಿಗುತ್ತಾರೆ ಅಂತ ಹುಡುಕಬೇಕಾಗುತ್ತದೆ. ಇಸಬ್ಗೋಲ್ ಕೊಡಬೇಡಿ. ನೀರು ಕಡಿಮೆ ಕುಡಿಯುವವರಿಗೆ ಅದು ಹೊಟ್ಟೆಯಲ್ಲೇ ಗಟ್ಟಿಯಾಗಿ ಕೂರುತ್ತದೆ.

ರೇಡಿಯೇಷನ್ ಆದ ಬಾಯಿ ಎರಡು ಬೆರಳಿನಷ್ಟೂ ತೆರೆಯದೇ ಇರಬಹುದು. ಸಾದಾ ಮಾತ್ರೆಯನ್ನು ಎರಡು ಚಮಚದ ನಡುವೆ ಪುಡಿ ಮಾಡಿ ಸ್ವಲ್ಪ ನೀರಿನಲ್ಲಿ ಕಲಸಿ ಕೊಡಬಹುದು, ಮೂಗಿನ ನಳಿಗೆ ಇದ್ದರೆ ಅದರಿಂದಲೂ ಕೊಡಬಹುದು. ಆದರೆ ಚೀಟಿಯಲ್ಲಿ 'ಎಸ್‌ಆರ್' ಅಂತ ಇದ್ದರೆ ಅದು ಹನ್ನೆರಡು ಗಂಟೆ ನಿಧಾನವಾಗಿ ಬಿಡುವ ಮಾತ್ರೆ. ಅದನ್ನು ಯಾವ ಕಾರಣಕ್ಕೂ ಪುಡಿ ಮಾಡಬಾರದು. ಅರ್ಧ ದಿನದ ಔಷಧಿ ಒಂದೇ ಸಲ ರಕ್ತಕ್ಕೆ ಸೇರಿಬಿಡುತ್ತದೆ. ಪಟ್ಟಿಯ ಹಾಗೆ ಅಂಟಿಸುವ ಫೆಂಟನಿಲ್ ಪ್ಯಾಚ್ ಬಗ್ಗೆ ಯಾರಾದರೂ ಹೇಳಬಹುದು. ನುಂಗಲು ಆಗದವರಿಗೆ ಒಳ್ಳೆಯದೇ, ಮೂರು ದಿನಕ್ಕೊಂದು ಬದಲಾಯಿಸಿದರೆ ಸಾಕು. ಆದರೆ ದುಬಾರಿ, ಅಂಟಿಸಿ ಅರ್ಧ ದಿನ ಆದರೂ ಪೂರ್ತಿ ಕೆಲಸ ಶುರುವಾಗಿರುವುದಿಲ್ಲ, ಮತ್ತು ಬಿಸಿ ತಾಗಿದರೆ ಔಷಧಿ ಜಾಸ್ತಿ ಒಳಗೆ ಹೋಗುತ್ತದೆ. ಬಚ್ಚಲೊಲೆ ಮುಂದೆ ಮೈ ಕಾಯಿಸಿಕೊಳ್ಳುವ ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಲೇಬೇಕು.

ಎಲ್ಲ ನೋವಿಗೂ ಮಾರ್ಫಿನ್ ಒಂದೇ ಸಾಲುವುದಿಲ್ಲ. ಕೆನ್ನೆಯ ಕ್ಯಾನ್ಸರಿನಲ್ಲಿ ಕಿವಿಯ ಒಳಗೆ ಉರಿದ ಹಾಗೆ, ಮಿಂಚು ಹೊಡೆದ ಹಾಗೆ ನೋವು ಬರುತ್ತದೆ. ಅದು ನರದ ನೋವು. ಅದಕ್ಕೆ ಅಮಿಟ್ರಿಪ್ಟಿಲಿನ್, ಗ್ಯಾಬಪೆಂಟಿನ್, ಪ್ರೀಗ್ಯಾಬಲಿನ್ ತರಹದ ಮಾತ್ರೆ ಜೊತೆಗೆ ಸೇರಿಸಬೇಕಾಗುತ್ತದೆ. ನೋವು ಹೇಗಿದೆ ಅಂತ ಅಪ್ಪನ ಮಾತಿನಲ್ಲೇ ಬರೆದಿಡಿ, ಡಾಕ್ಟ್ರಿಗೆ ಅದೇ ಸುಳಿವು. ಊರಿನಲ್ಲಿ ಯಾರೋ ಬಂದು ಡೈಕ್ಲೋಫೆನಾಕ್ ಇಂಜೆಕ್ಷನ್ ದಿನಾ ಚುಚ್ಚಿ ಹೋಗುವುದಿದ್ದರೆ ಮಾತ್ರ ನಿಲ್ಲಿಸಿ. ಈ ವಯಸ್ಸಿನಲ್ಲಿ ಅದರಿಂದ ಹೊಟ್ಟೆಯಲ್ಲಿ ರಕ್ತಸ್ರಾವ, ಕಿಡ್ನಿ ತೊಂದರೆ ಆಗುವ ಅಪಾಯ ಅಣ್ಣ ಹೆದರುವ ಮಾರ್ಫಿನ್ನಿಗಿಂತ ಜಾಸ್ತಿ.

ಮಾರ್ಫಿನ್ ಊರಿನ ಮೆಡಿಕಲ್ ಶಾಪಿನಲ್ಲಿ ಯಾಕೆ ಸಿಗುವುದಿಲ್ಲ ಅನ್ನುವ ಪ್ರಶ್ನೆ ನಿಮಗೆ ಬಂದೇ ಇರುತ್ತದೆ. 1985ರ ಎನ್‌ಡಿಪಿಎಸ್ ಕಾಯ್ದೆ (ಮಾದಕ ವಸ್ತು ತಡೆಯುವ ಕಾನೂನು) ಬಂದ ಮೇಲೆ ಆಸ್ಪತ್ರೆಗಳೂ ಇದನ್ನು ಇಡಲು ಹಲವು ಲೈಸೆನ್ಸ್‌ಗಳ ಹಿಂದೆ ಓಡಬೇಕಿತ್ತು. ಬಹಳ ಕಡೆ ಸುಮ್ನೆ ಬಿಟ್ಟೇಬಿಟ್ಟರು. 2014ರಲ್ಲಿ ಕಾಯ್ದೆಗೆ ತಿದ್ದುಪಡಿ ಆಗಿ, ರಾಜ್ಯದ ಔಷಧ ನಿಯಂತ್ರಕರು ಮಾನ್ಯತೆ ಕೊಟ್ಟ ಆಸ್ಪತ್ರೆ ಇಟ್ಟುಕೊಂಡು ಕೊಡಬಹುದು ಅಂತ ಆಯಿತು. ಹಾಗಾಗಿ ಅದು ಸಿಗುವುದು ಅಂಥ ಆಸ್ಪತ್ರೆಯಲ್ಲಿ. ಚೀಟಿ ಇದ್ದು ರೋಗಿಗಾಗಿ ಮನೆಯಲ್ಲಿ ಇಟ್ಟುಕೊಳ್ಳುವುದು ಅಪರಾಧ ಅಲ್ಲ. ಚೀಟಿ ಮತ್ತು ಮಾತ್ರೆ ಒಂದೇ ಡಬ್ಬಿಯಲ್ಲಿ ಬೀಗ ಹಾಕಿಡಿ, ಉಳಿದರೆ ಆಸ್ಪತ್ರೆಗೆ ವಾಪಸ್ ಕೊಡಿ.

ನಮ್ಮ ಉತ್ತರ ಕನ್ನಡ ಜಿಲ್ಲೆಯವರಿಗೆ ಇಲ್ಲಿ ಒಂದು ವಿಶೇಷ ಕಷ್ಟ. ದೊಡ್ಡಾಸ್ಪತ್ರೆಗೆ ಅಂತ ಮಣಿಪಾಲ, ಹುಬ್ಬಳ್ಳಿ, ಗೋವಾದ ಬಾಂಬೋಲಿ, ಎಲ್ಲಿಗೆ ಹೋದರೂ ಘಟ್ಟ ಇಳಿಯಬೇಕು ಇಲ್ಲವೇ ಗಂಟೆಗಟ್ಟಲೆ ರಸ್ತೆ ಮೇಲೆ ಇರಬೇಕು. ಮಳೆಗಾಲದಲ್ಲಿ ಅದೂ ಗ್ಯಾರಂಟಿ ಇಲ್ಲ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಎಷ್ಟು ದಿನ ಬಂದ್ ಆಗಿತ್ತು ಅಂತ ಎಲ್ಲರಿಗೂ ನೆನಪಿದೆ. ಸಿರ್ಸಿ-ಕುಮಟಾ ದಾರಿಯ ದೇವಿಮನೆ ಘಟ್ಟದ ಕಥೆಯೂ ಗೊತ್ತಿದ್ದದ್ದೇ. ಹಾಗಾಗಿ ಮಾತ್ರೆ ಡಬ್ಬಿಯಲ್ಲಿ ಒಂದು ವಾರಕ್ಕಾಗುವಷ್ಟು ಮಾತ್ರ ಉಳಿದಿದೆ ಅಂದರೆ ಅದು ಖಾಲಿ ಅಂತಲೇ ತಿಳಿದುಕೊಳ್ಳಿ. ಆ ದಿನವೇ ತರುವ ವ್ಯವಸ್ಥೆ ಮಾಡಿ. ಪ್ರತಿ ಸಲ ಅಪ್ಪನನ್ನು ಕಾರಿನಲ್ಲಿ ಮಲಗಿಸಿಕೊಂಡು ಹೋಗಬೇಕಾಗಿಲ್ಲ. ಮನೆಯವರೊಬ್ಬರು ಹಳೆಯ ಕಾಗದ, ಚೀಟಿ, ಆ ನೋಟ್‌ಬುಕ್ ಹಿಡಿದು ಹೋದರೆ ಬಹಳ ಕಡೆ ಔಷಧಿ ಕೊಡುತ್ತಾರೆ. ಹೊರಡುವ ಮೊದಲು ಫೋನ್ ಮಾಡಿ ಕೇಳಿಕೊಳ್ಳಿ.

ಈಗ ಹುಣ್ಣು. ರೋಗಿಯನ್ನು ನೋವಿನಷ್ಟೇ ಕುಗ್ಗಿಸುವುದು ಈ ವಾಸನೆ. ಬಂದವರು ಜಗಲಿಯಿಂದಲೇ ತಿರುಗಿ ಹೋಗುವುದು ಒಳಗೆ ಮಲಗಿದವರಿಗೆ ಕಾಣುತ್ತದೆ. ವಾಸನೆ ಬರುವುದು ಗಾಳಿ ಸೇರದ ಜಾಗದಲ್ಲಿ ಬೆಳೆಯುವ ಒಂದು ಬಗೆಯ ಬ್ಯಾಕ್ಟೀರಿಯಾದಿಂದ. ಅದಕ್ಕೆ ಮೆಟ್ರೊನಿಡಜೋಲ್ ಅನ್ನುವ ಅಗ್ಗದ ಮಾತ್ರೆ ಇದೆ. ಹೊಟ್ಟೆ ಕೆಟ್ಟಾಗ ಕೊಡುತ್ತಾರಲ್ಲ, ಅದೇ. ಡಾಕ್ಟ್ರನ್ನು ಕೇಳಿ ತರಿಸಿಕೊಳ್ಳಿ. ಡ್ರೆಸಿಂಗಿಗೆ ಅರ್ಧ ಗಂಟೆ ಮುಂಚೆ ಒಂದು ಹೆಚ್ಚುವರಿ ಮಾರ್ಫಿನ್ ಡೋಸ್ ಕೊಡಬಹುದಾ ಅಂತಲೂ ಕೇಳಿ. ಕೊಟ್ಟರೆ ಅಪ್ಪ ಡ್ರೆಸಿಂಗ್ ಅಂದ ತಕ್ಷಣ ಮುಖ ತಿರುಗಿಸುವುದು ನಿಲ್ಲುತ್ತದೆ.

ಮಾಡುವ ಕ್ರಮ ಹೇಳುತ್ತೇನೆ. ಒಂದು ಲೀಟರ್ ನೀರು ಕುದಿಸಿ ಆರಿಸಿ ಒಂದು ಚಮಚ ಉಪ್ಪು ಹಾಕಿ. ಹಳೆಯ ಬಟ್ಟೆ ಅಂಟಿಕೊಂಡಿದ್ದರೆ ಎಳೆಯಬೇಡಿ, ಈ ನೀರು ಬಿಡುತ್ತಾ ನೆನೆಸಿ ತಾನಾಗಿ ಬಿಡುವವರೆಗೆ ಕಾಯಿರಿ. ಉಜ್ಜಬೇಡಿ, ನೀರು ಹರಿಸಿ ತೊಳೆಯಿರಿ. ಮೆಟ್ರೊನಿಡಜೋಲ್ ಮಾತ್ರೆಯನ್ನು ನುಣ್ಣಗೆ ಪುಡಿ ಮಾಡಿ ಹುಣ್ಣಿನ ಮೇಲೆ ಉದುರಿಸಿ. ಮೇಲೆ ವ್ಯಾಸಲಿನ್ ಸವರಿದ ಗಾಜ್, ಅದರ ಮೇಲೆ ದಪ್ಪ ಬಟ್ಟೆ. ದಿನಾ ಗಾಜ್ ಕೊಳ್ಳುವ ಖರ್ಚು ಬೇಡ. ಅಪ್ಪನ ಹಳೆ ಹತ್ತಿ ಪಂಚೆ ಒಗೆದು ತುಂಡು ಮಾಡಿ, ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಹಾಕಿ ಕುಕ್ಕರಿನಲ್ಲಿ ಇಪ್ಪತ್ತು ನಿಮಿಷ ಬೇಯಿಸಿ. ಮಳೆಗಾಲದಲ್ಲಿ ಬಿಸಿಲು ಎಲ್ಲಿಂದ ಬರಬೇಕು, ಇಸ್ತ್ರಿ ಪೆಟ್ಟಿಗೆ ಹಾಕಿ ಒಣಗಿಸಿ. ಮನೆಗೆ ಹೋಗಿ ಆರೈಕೆ ಮಾಡುವ ನರ್ಸ್‌ಗಳು ಮನೆಯವರಿಗೆ ಕಲಿಸುವುದು ಇದನ್ನೇ. ಸರಿಯಾಗಿ ಮಾಡಿದರೆ ಕೆಲವೇ ದಿನಗಳಲ್ಲಿ ವಾಸನೆಯಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ.

ಡೆಟಾಲ್, ಹೈಡ್ರೋಜನ್ ಪೆರಾಕ್ಸೈಡ್, ಅರಿಶಿನ, ಅರೆದ ಸೊಪ್ಪು ಯಾವುದೂ ಹುಣ್ಣಿನ ಮೇಲೆ ಬೇಡ. ನಾಟಿ ಔಷಧಿ ಒಳಗೆ ಕೊಡುತ್ತಿದ್ದರೆ ಡಾಕ್ಟ್ರ ಹತ್ತಿರ ಮುಚ್ಚಿಡಬೇಡಿ, ಹೇಳಿ. ಊದಿನಕಡ್ಡಿ ಹಚ್ಚಿದರೆ ಎರಡು ವಾಸನೆ ಸೇರಿ ಇನ್ನೂ ಕೆಟ್ಟದಾಗುತ್ತದೆ. ಅದರ ಬದಲು ಮಂಚದ ಕೆಳಗೆ ಒಂದು ತಟ್ಟೆಯಲ್ಲಿ ಇದ್ದಿಲು ಇಡಿ. ನೊಣ ಕೂರದ ಹಾಗೆ ಹಗಲೂ ಸೊಳ್ಳೆಪರದೆ ಹಾಕಿ. ಮಳೆಗಾಲದಲ್ಲಿ ಒಂದು ದಿನ ಹುಣ್ಣು ತೆರೆದಿದ್ದರೆ ಹುಳ ಆಗಲು ಅಷ್ಟೇ ಸಾಕು. ಆದರೂ ಅಸಹ್ಯಪಟ್ಟು ಗಾಬರಿ ಆಗಬೇಡಿ, ಟರ್ಪೆಂಟೈನ್ ಎಣ್ಣೆಯ ಬಟ್ಟೆ ಇಟ್ಟು ಹುಳ ಹೊರಗೆ ತೆಗೆಯುವುದು ನರ್ಸ್‌ಗಳಿಗೆ ಗೊತ್ತು. ಡ್ರೆಸಿಂಗ್ ಆದ ತಕ್ಷಣದ ಒಂದೆರಡು ಗಂಟೆ ವಾಸನೆ ತೀರಾ ಕಡಿಮೆ ಇರುತ್ತದೆ. ಅಪ್ಪನನ್ನು ಜಗಲಿಯಲ್ಲಿ ಕೂರಿಸುವುದಕ್ಕೆ, ಯಾರಾದರೂ ಬರುತ್ತೇನೆ ಅಂದರೆ ಕರೆಯುವುದಕ್ಕೆ ಅದೇ ಹೊತ್ತು ಇಟ್ಟುಕೊಳ್ಳಿ.

ಕೆನ್ನೆ ಮತ್ತು ಕುತ್ತಿಗೆಯ ಹುಣ್ಣಿನಿಂದ ರಕ್ತ ಬರುವ ಸಾಧ್ಯತೆ ಇದೆ. ಸ್ವಲ್ಪ ಜಿನುಗಿದರೆ ಒದ್ದೆ ಬಟ್ಟೆ ಇಟ್ಟು ಹತ್ತು ನಿಮಿಷ ಬಿಡದೆ ಒತ್ತಿ ಹಿಡಿಯಿರಿ. ರಕ್ತ ನಿಲ್ಲಿಸುವ ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆ ಮನೆಯಲ್ಲಿ ಇಟ್ಟಿರಬಹುದಾ ಅಂತ ಕೇಳಿ. ಅಪರೂಪಕ್ಕೆ ಒಂದೇ ಸಲ ಜೋರಾಗಿ ಹರಿಯಬಹುದು. ಅದಕ್ಕಾಗಿ ಎರಡು ಗಾಢ ಬಣ್ಣದ ಟವೆಲ್ ಕೈಗೆ ಸಿಗುವ ಹಾಗೆ ಇಡಿ. ಬಿಳಿ ಬಟ್ಟೆಯ ಮೇಲೆ ರಕ್ತ ಕಂಡು ಅಪ್ಪನೂ ಆಯಿಯೂ ಹೆದರುವುದು ತಪ್ಪುತ್ತದೆ. ಪದೇ ಪದೇ ರಕ್ತ ಬರುತ್ತಿದ್ದರೆ ಸ್ವಲ್ಪವೇ ರೇಡಿಯೇಷನ್ ಕೊಟ್ಟು ನಿಲ್ಲಿಸಲು ಆಗುತ್ತದಾ ಅಂತ ಆಸ್ಪತ್ರೆಯಲ್ಲಿ ಕೇಳಬಹುದು, ಒಮ್ಮೆ ರೇಡಿಯೇಷನ್ ಆದ ಜಾಗಕ್ಕೆ ಆಗುವುದೋ ಇಲ್ಲವೋ ಅವರೇ ಹೇಳಬೇಕು.

ಆಯಿಯ ಅಳು ಊಟದ್ದು. ಅವರಿಗೆ ಇದನ್ನು ಓದಿ ಹೇಳಿ: ಊಟ ಬಿಟ್ಟಿದ್ದರಿಂದ ಅಪ್ಪ ಸೊರಗುತ್ತಿಲ್ಲ, ರೋಗ ಏರಿದ್ದರಿಂದ ಹಸಿವೆಯೇ ಇಲ್ಲ. ಒತ್ತಾಯ ಮಾಡಿ ತಿನ್ನಿಸಿದ್ದು ಮೈಗೆ ಹತ್ತುವುದೂ ಇಲ್ಲ. ಮೊದಲು ಬಾಯಿ ನೋಡಿ. ನಾಲಿಗೆ ಮೇಲೆ ಬಿಳಿ ಪದರ ಇದ್ದರೆ ಅದು ಫಂಗಸ್, ಔಷಧಿ ಹಾಕಿದರೆ ಹೋಗುತ್ತದೆ, ಉರಿ ಹೋದರೆ ನಾಲ್ಕು ಗುಟುಕು ಜಾಸ್ತಿ ಸೇರುತ್ತದೆ. ಒಂದು ಲೋಟ ನೀರಿಗೆ ಅರ್ಧ ಚಮಚ ಅಡುಗೆ ಸೋಡಾ ಹಾಕಿ ದಿನಕ್ಕೆ ನಾಲ್ಕಾರು ಸಲ ಬಾಯಿ ತೊಳೆಸಿ. ಅಪ್ಪೆಹುಳಿಯ ಆಸೆ ಇದ್ದರೂ ಹುಳಿ ಖಾರ ಹುಣ್ಣಿಗೆ ಉರಿ. ತಣ್ಣನೆಯ ಗಂಜಿ ತಿಳಿ, ಖಾರ ಇಲ್ಲದ ತಂಬುಳಿ, ಎಳನೀರು, ಏನು ಕೇಳುತ್ತಾರೋ ಅದು, ಕೇಳಿದಾಗ, ಸಣ್ಣ ಲೋಟದಲ್ಲಿ. ನುಂಗಲು ಆಗದೆ ಹಸಿವೆ ಅನ್ನುತ್ತಿದ್ದರೆ ಮಾತ್ರ ಮೂಗಿನ ನಳಿಗೆಯ ಬಗ್ಗೆ ಯೋಚಿಸಬೇಕು. ಹಸಿವೆಯೇ ಇಲ್ಲದವರಿಗೆ ಅದು ಇನ್ನೊಂದು ಹಿಂಸೆ. ಗ್ಲುಕೋಸ್ ಬಾಟ್ಲಿಯೂ ಹಾಗೆಯೇ. ಅದು ನೋಡುವವರ ಸಮಾಧಾನಕ್ಕೆ. ಕೊನೆಯ ದಿನಗಳಲ್ಲಿ ಆ ನೀರು ಕಾಲಿನಲ್ಲಿ ಊತವಾಗಿ, ಎದೆಯಲ್ಲಿ ಗುರುಗುರು ಆಗಿ ನಿಲ್ಲುತ್ತದೆ.

ಅಂದ ಹಾಗೆ, ಅಪ್ಪ ಕವಳ ಕೇಳಿದರೆ ಬುದ್ಧಿ ಹೇಳಲು ಹೋಗಬೇಡಿ. ಬಾಯಿ ಉರಿಯುತ್ತದೆ ಅಂತ ಅವರಿಗೇ ಗೊತ್ತು. ಇದನ್ನು ಓದುವ ಅಣ್ಣ ತಾನು ಹಾಕುತ್ತಿದ್ದರೆ, ಬುದ್ಧಿ ಮಾತು ಅವನಿಗೆ ಸಲ್ಲುತ್ತದೆ.

ಹೇಳಬೇಕೋ ಬೇಡವೋ ಅನ್ನುವ ಪ್ರಶ್ನೆಗೆ ಬರುತ್ತೇನೆ. ಕನ್ನಡಿಯಲ್ಲಿ ದಿನಾ ಕೆನ್ನೆ ನೋಡಿಕೊಳ್ಳುವ ಮನುಷ್ಯನಿಗೆ ಇನ್ಫೆಕ್ಷನ್ ಕಥೆ ಎಷ್ಟು ದಿನ ನಡೆಯುತ್ತದೆ? ನನ್ನ ಅಂದಾಜಿನಲ್ಲಿ ಅವರಿಗೆ ಗೊತ್ತಿದೆ. ನಿಮಗೆ ಬೇಸರ ಆಗುತ್ತದೆ ಅಂತ ಅವರು ಸುಮ್ಮನಿದ್ದಾರೆ, ಅವರಿಗೆ ಬೇಸರ ಆಗುತ್ತದೆ ಅಂತ ನೀವು ಸುಮ್ಮನಿದ್ದೀರಿ. ಕೂರಿಸಿಕೊಂಡು ಘೋಷಣೆ ಮಾಡಬೇಕಾಗಿಲ್ಲ. ನೋವು ಇಳಿದ ಒಂದು ಸಂಜೆ ಪಕ್ಕದಲ್ಲಿ ಕೂತು "ಅಪ್ಪಾ, ನಿಂಗೆ ಎಂತ ಅನ್ಸ್ತದೆ ಇದ್ರ ಬಗ್ಗೆ?" ಅಂತ ಕೇಳಿ, ಆಮೇಲೆ ನೀವು ಮಾತಾಡಬೇಡಿ. "ಇದು ವಾಸಿ ಆಗ್ತದಾ?" ಅಂತ ಅವರು ಕೇಳಿದರೆ "ಇಲ್ಲ ಅಪ್ಪ, ಕಷ್ಟ ಇದೆ. ಆದ್ರೆ ನೋವು ಆಗದ ಹಾಗೆ ನೋಡ್ಕೋತೀವಿ" ಅನ್ನಿ. ಅವರು ಮಾತು ತಿರುಗಿಸಿ ಅಡಿಕೆ ರೇಟು ಕೇಳಿದರೆ ಅಡಿಕೆ ರೇಟು ಹೇಳಿ. ಅದೂ ಒಂದು ಉತ್ತರ. ತೋಟದ ಪಾಲು, ಬ್ಯಾಂಕಿನ ಕಾಗದ, ಯಾರದೋ ಹಳೆ ಸಾಲ, ಮುನಿಸಿಕೊಂಡ ತಮ್ಮನನ್ನು ಒಮ್ಮೆ ನೋಡುವುದು, ಇವೆಲ್ಲ ಅವರ ಮನಸ್ಸಿನಲ್ಲಿ ಇದ್ದೇ ಇರುತ್ತವೆ. ಮಾತು ಆಡಲು ಶಕ್ತಿ ಇರುವಾಗಲೇ ಅದಕ್ಕೆ ದಾರಿ ಮಾಡಿಕೊಡಬೇಕು.

ಅದೇ ಮಾತಿನಲ್ಲಿ ಇನ್ನೊಂದನ್ನೂ ಕೇಳಿಟ್ಟುಕೊಳ್ಳಿ: ತೀರಾ ಸೀರಿಯಸ್ ಆದರೆ ಐಸಿಯು, ವೆಂಟಿಲೇಟರ್ ಬೇಕಾ, ಮನೆಯೇ ಸಾಕಾ? ಸುಪ್ರೀಂ ಕೋರ್ಟ್ 2018ರಲ್ಲಿ ಈ ಇಚ್ಛೆಯನ್ನು ಮುಂಚೆಯೇ ಬರೆದಿಡುವುದಕ್ಕೆ ಮಾನ್ಯತೆ ಕೊಟ್ಟಿತು, 2023ರ ಜನವರಿಯಲ್ಲಿ ಕ್ರಮವನ್ನು ಸರಳ ಮಾಡಿತು. ಇಬ್ಬರು ಸಾಕ್ಷಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿ ಸಾಕು. ಕರ್ನಾಟಕದ ಆರೋಗ್ಯ ಇಲಾಖೆಯೂ 2025ರ ಜನವರಿ 30ರಂದು ಇದಕ್ಕಾಗಿ ಸುತ್ತೋಲೆ ಹೊರಡಿಸಿದೆ. ಕಾಗದ ಆಗದಿದ್ದರೂ ಅಪ್ಪನ ಮಾತನ್ನು ಅಣ್ಣ ತಂಗಿ ಇಬ್ಬರೂ ಒಟ್ಟಿಗೆ ಕೇಳಿಸಿಕೊಂಡಿರಬೇಕು. ಇಲ್ಲದಿದ್ದರೆ ಉಸಿರು ಏರುಪೇರಾದ ರಾತ್ರಿ ಒಬ್ಬರು ಆಂಬುಲೆನ್ಸಿಗೆ ಫೋನ್ ಮಾಡುತ್ತಾರೆ, ಇನ್ನೊಬ್ಬರು ಬೇಡ ಅನ್ನುತ್ತಾರೆ, ಆ ಜಗಳ ಆಮೇಲೂ ಮುಗಿಯುವುದಿಲ್ಲ.

ಕೊನೆಯ ದಿನಗಳ ಬಗ್ಗೆ ನೀವು ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. ಉಸಿರಾಟಕ್ಕೆ ಕಷ್ಟ ಆದರೆ ತಲೆ ಎತ್ತರಿಸಿ, ಕಿಟಕಿ ತೆರೆದು, ಮುಖಕ್ಕೆ ಫ್ಯಾನ್ ಗಾಳಿ ಬರುವ ಹಾಗೆ ಇಡಿ. ಕರೆಂಟ್ ಇಲ್ಲದ ದಿನ ಬೀಸಣಿಗೆಯೂ ಅದೇ ಕೆಲಸ ಮಾಡುತ್ತದೆ. ಸಣ್ಣ ಡೋಸ್ ಮಾರ್ಫಿನ್ ಉಸಿರಿನ ಒದ್ದಾಟವನ್ನೂ ಇಳಿಸುತ್ತದೆ. ಮಂಪರಿನಲ್ಲಿ ಗಂಟಲು ಗುರುಗುಟ್ಟಿದರೆ ಒಂದು ಮಗ್ಗುಲಿಗೆ ತಿರುಗಿಸಿ. ಆ ಸದ್ದು ಕೇಳುವವರಿಗೆ ಹಿಂಸೆ, ಅವರಿಗೆ ಅಷ್ಟಿರುವುದಿಲ್ಲ. ನುಂಗಲು ಆಗದಿದ್ದಾಗ ಮಾರ್ಫಿನ್ ನಿಲ್ಲಿಸಬೇಕಾಗಿಲ್ಲ, ಚರ್ಮದ ಕೆಳಗೆ ಸಣ್ಣ ಸೂಜಿ ಇಟ್ಟು ಕೊಡಬಹುದು. ಅದನ್ನು ಯಾರು ಮಾಡುತ್ತಾರೆ ಅಂತ ಈಗಲೇ ಗೊತ್ತು ಮಾಡಿಕೊಳ್ಳಿ. ಬಾಯಿಗೆ ಗಂಗೆ ಬಿಡುವುದಿದ್ದರೆ ಚಮಚದಲ್ಲಿ ಸುರಿಯಬೇಡಿ, ಉಸಿರಿಗೆ ಸಿಕ್ಕಿಕೊಳ್ಳುತ್ತದೆ. ಹತ್ತಿ ಅದ್ದಿ ತುಟಿಗೆ ಒತ್ತಿದರೆ ಆಯಿತು. ಮನೆಯಲ್ಲಿ ತೀರಿಕೊಂಡರೆ ಕಾರಣದ ಸರ್ಟಿಫಿಕೇಟ್ ಬರೆದು ಕೊಡಲು ಹತ್ತಿರದ ಯಾವ ಡಾಕ್ಟ್ರು ಒಪ್ಪುತ್ತಾರೆ ಅಂತಲೂ ಕೇಳಿಡಿ. ಮರಣ ನೋಂದಣಿಗೆ 21 ದಿನ ಸಮಯ ಇದೆ.

ಹತ್ತಿರದಲ್ಲಿ ಯಾರಿದ್ದಾರೆ? ಆಯುಷ್ಮಾನ್ ಆರೋಗ್ಯ ಮಂದಿರ ಅಂತ ಬೋರ್ಡ್ ಹಾಕಿದ ಉಪಕೇಂದ್ರದ ಕೆಲಸಗಳ ಪಟ್ಟಿಯಲ್ಲಿ, ಗುಣವಾಗದ ರೋಗದಲ್ಲೂ ನೋವು, ತೊಂದರೆ ಇಳಿಸುವ ಈ ಆರೈಕೆಯೂ (ಪ್ಯಾಲಿಯೇಟಿವ್ ಕೇರ್) ಇದೆ. ಕಾಗದದಲ್ಲಿ ಇರುವಷ್ಟು ಎಲ್ಲ ಕಡೆ ನಡೆಯುವುದಿಲ್ಲ, ಅಲ್ಲಿನ ಆರೋಗ್ಯ ಅಧಿಕಾರಿಯ ಆಸಕ್ತಿಯ ಮೇಲೆ ಹೋಗುತ್ತದೆ. ಆಶಾ ಕಾರ್ಯಕರ್ತೆಯ ಮೂಲಕ ಅವರನ್ನು ಒಮ್ಮೆ ಮನೆಗೆ ಕರೆಸಿ, ನೋಟ್‌ಬುಕ್ ತೋರಿಸಿ. ಡ್ರೆಸಿಂಗ್ ಕಲಿಸುವುದು, ಬಿಪಿ ನೋಡುವುದು, ಡಾಕ್ಟ್ರ ಜೊತೆ ಫೋನಿನಲ್ಲಿ ಮಾತಾಡಿಸುವುದು ಅವರಿಂದ ಆಗುತ್ತದೆ. ಜಿಲ್ಲೆಗೆ ದೊಡ್ಡ ಆಸ್ಪತ್ರೆ ಬೇಕು ಅಂತ ನಾವೆಲ್ಲ ವರ್ಷಗಳಿಂದ ಕೇಳುತ್ತಲೇ ಇದ್ದೇವೆ, ಬೇಕೇ ಬೇಕು. ಆದರೆ ಅದು ಬಂದರೂ ನಿಮ್ಮ ಅಪ್ಪನ ರಾತ್ರಿ ಎರಡು ಗಂಟೆ ನಿಮ್ಮ ಮನೆಯಲ್ಲೇ ಆಗುವುದು. ಕೇರಳದ ಕೋಳಿಕ್ಕೋಡಿನಲ್ಲಿ 1993ರಲ್ಲಿ ಡಾ. ಎಂ. ಆರ್. ರಾಜಗೋಪಾಲ್ ಮತ್ತು ಸಂಗಡಿಗರು ಸಣ್ಣದಾಗಿ ಶುರು ಮಾಡಿದ ಇದೇ ಆರೈಕೆಯ ಕೆಲಸ ಇವತ್ತು ಹಳ್ಳಿ ಹಳ್ಳಿಗೆ ತಲುಪಿದ್ದು ಊರಿನವರೇ ತರಬೇತಿ ಪಡೆದು ಮನೆ ಮನೆಗೆ ಹೋದದ್ದರಿಂದ. ನಮ್ಮಲ್ಲೂ ಸೀಮೆಗೊಂದು ಸೊಸೈಟಿ ಇದೆ, ಯುವಕ ಮಂಡಳಿ ಇದೆ. ಒಬ್ಬ ನರ್ಸು, ಒಂದು ಬೈಕು, ನಾಲ್ಕು ಜನ ಕಲಿತವರು ಇದ್ದರೆ ಶುರು ಮಾಡಬಹುದು. ಮನಸ್ಸು ಮಾಡುವವರು ಬೇಕು.

ಉಳಿದದ್ದು ಬೆಂಗಳೂರು. ಚಿಕಿತ್ಸೆಗಾಗಿ ಅಂತ ಕರೆದುಕೊಂಡು ಹೋಗುವುದಾದರೆ ಬೇಡ ಅನ್ನುತ್ತೇನೆ. ಅಷ್ಟು ದೂರದ ರಸ್ತೆಯ ಕುಲುಕಾಟ, ಹೊಸ ಆಸ್ಪತ್ರೆಯಲ್ಲಿ ಮೊದಲಿನಿಂದ ಎಲ್ಲ ಟೆಸ್ಟು, ಕೊನೆಗೆ ಅದೇ ಉತ್ತರ. ಮನೆಯಲ್ಲಿ ನೋಡಿಕೊಳ್ಳುವವರೇ ಇಲ್ಲದಂತಾದರೆ, ನೋವು ಎಷ್ಟು ಮಾಡಿದರೂ ಹಿಡಿತಕ್ಕೆ ಬಾರದಿದ್ದರೆ ಆಗ ಮಾತು ಬೇರೆ. ಬೆಂಗಳೂರಿನ ಕರುಣಾಶ್ರಯದಲ್ಲಿ ಇಂಥ ರೋಗಿಗಳನ್ನು ಉಚಿತವಾಗಿ ನೋಡಿಕೊಳ್ಳುತ್ತಾರೆ. ಇನ್ನೂ ಹತ್ತಿರ ಬೇಕೆಂದರೆ ಮಣಿಪಾಲದ ಕಸ್ತೂರಬಾ ಆಸ್ಪತ್ರೆಯಲ್ಲಿ ಇದಕ್ಕೆಂದೇ ವಿಭಾಗ ಇದೆ. ಔಷಧಿ ಹೊಂದಿಸಿಕೊಂಡು ಕೆಲವು ದಿನದಲ್ಲಿ ಮನೆಗೆ ಬರಬಹುದು.

ಅಣ್ಣನ ಮೇಲೆ ಸಿಟ್ಟಾಗಬೇಡಿ. ದೂರ ಇರುವವರಿಗೆ ಏನಾದರೂ ದೊಡ್ಡದು ಮಾಡಬೇಕು ಅನ್ನುವ ಚಡಪಡಿಕೆ ಜಾಸ್ತಿ. ಅವನಿಗೆ ಕೆಲಸ ಕೊಡಿ. ಮಾರ್ಫಿನ್ ಮುಗಿಯುವ ಲೆಕ್ಕ ಇಡುವುದು, ಆಸ್ಪತ್ರೆಗೆ ಫೋನ್ ಮಾಡುವುದು, ಹೋಗಿ ತರುವುದು ಇನ್ನು ಅವನದು. ರಜೆ ಹಾಕಿ ಒಂದು ವಾರ ಬಂದು ಡ್ರೆಸಿಂಗ್ ಮಾಡಲಿ, ಹತ್ತು ಗಂಟೆಯ ಮಾತ್ರೆ ಅವನ ಕೈಯಿಂದಲೇ ಕೊಡಲಿ, ರಾತ್ರಿ ಅಪ್ಪನ ಕೋಣೆಯಲ್ಲಿ ಮಲಗಲಿ. ಆ ವಾರ ನೀವೂ ಆಯಿಯೂ ಬೇರೆ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ನಿದ್ದೆ ಮಾಡಿ.